ಖಾಲೀ ಅಂದರೆ

ಗೇಟಿನ ಕಾವಲುಗಾರ ‘ಕುಠೇ ಜಾಯಚಂ?’ ಎಂದು ಕೇಳಿದಾಗ ರಾಜಶೇಖರನಿಗೆ ಮೊದಲು ಬಂದದ್ದು ಸಿಟ್ಟು. ಎಲ್ಲಿಗೆ ಹೋಗಬೇಕು ಎಂದು ಈ ಸೀಮೆಯಲ್ಲಿ ಅವನನ್ನು ಯಾರಾದರೂ ಕೇಳಿ ಎಷ್ಟೋ ವರ್ಷಗಳಾಗಿದ್ದವು. ಕೇಳುವವರು ಊರಿನಿಂದ ಬಂದವರು, ಹೇಳುವವನು ತಾನು. ಹಾವೇರಿ ಕಡೆಯಿಂದ ಆಸ್ಪತ್ರೆಗೆಂದು ಬಂದವರಿರಲಿ, ಮಗಳ ಮನೆ ಹುಡುಕಿಕೊಂಡು ಬಂದವರಿರಲಿ, ಕಲ್ಯಾಣದಲ್ಲಿ ಇಳಿದ ಕೂಡಲೇ ಅವನಿಗೆ ಫೋನು ಹಚ್ಚುತ್ತಿದ್ದರು. ಯಾವ ಪ್ಲಾಟ್‌ಫಾರ್ಮು, ಯಾವ ಗಾಡಿಯ ಯಾವ ಡಬ್ಬಿ, ಇಳಿದ ಮೇಲೆ ಮುಂದಿನ ಸೇತುವೆ ಹತ್ತಬೇಕೋ ಹಿಂದಿನದೋ ಎಂದು ಅವನು ಮಸಾಲಾ ಮಾರ್ಕೆಟ್ಟಿನ ಅಂಗಡಿಯಲ್ಲಿ ಮೆಣಸಿನಕಾಯಿ ಮುರಿದು ನೋಡುತ್ತಲೇ ಹೇಳುತ್ತಿದ್ದ. ಮುಂಬೈ ಅಂದರೆ ರಾಜಶೇಖರಣ್ಣನ ಅಂಗೈ ಅಂತ ಊರಿನವರು ಆಡಿಕೊಳ್ಳುತ್ತಿದ್ದರು, ಅದನ್ನು ಅವನು ಕೇಳಿಯೂ ಕೇಳದವನಂತೆ ಇರುತ್ತಿದ್ದ. ಈಗ ಘಣಸೋಲಿಯ ಆಚೆ, ಗುಡ್ಡದ ಮೈಗೆ ಅಂಟಿಕೊಂಡು ಊರಷ್ಟು ದೊಡ್ಡದಾಗಿ ಹರಡಿದ್ದ ಈ ವಿದ್ಯಾಪೀಠದ ಮುಂದೆ, ಮೀಸೆ ಸರಿಯಾಗಿ ಚಿಗುರದ ಕಾವಲುಗಾರ ಅವನನ್ನು ಹಿಡಿದು ನಿಲ್ಲಿಸಿದ್ದ. ಹಿಂದೆ ನಿಂತಿದ್ದ ಸೌಭಾಗ್ಯ ‘ಗ್ರಂಥಾಲಯ ಶಾಸ್ತ್ರ ವಿಭಾಗ…’ ಎಂದು ಮರಾಠಿಯಲ್ಲಿ ಶುರುಮಾಡಿದಳು. ಅವಳ ಮಾತು ಮುಗಿಯುವುದರೊಳಗೆ ಅವನು ‘ಲೈಬ್ರರಿ’ ಎಂದುಬಿಟ್ಟ. ಕಾವಲುಗಾರ ‘ಲೈಬ್ರರಿ? ಸರಳ್ ಜಾ, ಕಾಕಾ’ ಎಂದು ನೆಟ್ಟಗೆ ಕೈ ಚಾಚಿದ. ಇಷ್ಟೇ ತಾನೇ ಎನ್ನುವಂತೆ ರಾಜಶೇಖರ ಹೆಂಡತಿಯ ಕಡೆ ನೋಡಿ ಮುಂದೆ ನಡೆದ.

ಸೌಭಾಗ್ಯ ಗಂಜಿ ಹಾಕಿದ ಕಾಟನ್ ಸೀರೆ ಉಟ್ಟಿದ್ದಳು. ಕೈಯಲ್ಲಿ ಮಾರ್ಕ್ಸ್‌ಕಾರ್ಡುಗಳಿದ್ದ ಪ್ಲಾಸ್ಟಿಕ್ ಫೈಲು, ಹೆಗಲಿಗೆ ಮಗಳ ಹಳೆಯ ಕಾಲೇಜು ಬ್ಯಾಗು. ನಲವತ್ತು ದಾಟಿದ ಮೇಲೆ ಓದುತ್ತೇನೆ ಅಂದವಳು ಅವಳು. ಕೋಪರಖೈರಣೆಯ ಅವರ ಮನೆಯ ಹತ್ತಿರದ ಶಾಲೆಯೊಂದರಲ್ಲಿ ಮೂರು ವರ್ಷಗಳಿಂದ ಪುಸ್ತಕ ಕೊಡುವ, ತೆಗೆದಿಡುವ ಕೆಲಸಕ್ಕೆ ಹೋಗುತ್ತಿದ್ದಳು. ಗ್ರಂಥಾಲಯದ ಪದವಿಯೊಂದಕ್ಕೆ ಸೇರಿಕೊಂಡರೆ ಕೆಲಸ ಕಾಯಂ ಮಾಡುತ್ತೇವೆ, ಈ ವರ್ಷ ಸೇರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಅಲ್ಲಿಯ ಹೆಡ್‌ಮಿಸ್ಟ್ರೆಸ್ ಸ್ಪಷ್ಟವಾಗಿ ಹೇಳಿದ್ದಳು. ಇವತ್ತಿನದು ಕೊನೆಯ ಸುತ್ತಿನ ಇಂಟರ್‌ವ್ಯೂ. ಉಳಿದ ಕೆಲವೇ ಸೀಟುಗಳಿಗೆ ಹತ್ತೂವರೆಗೆ ಶುರು, ಬರದವರ ಹೆಸರು ಅಲ್ಲಿಗೇ ಹೋಯಿತು. ಮನೆಯಲ್ಲಿ ಯಾರೂ ಬೇಡ ಅಂದಿರಲಿಲ್ಲ. ಮಗಳು ಕಾಂಚನಾ ಕುಣಿದಾಡಿದ್ದಳು. ರಾಜಶೇಖರನೂ ಬೇಡ ಅಂದಿರಲಿಲ್ಲ, ಬೇಡ ಅನ್ನಲಿಕ್ಕೆ ಅವನಿಗೆ ಕಾರಣ ಸಿಕ್ಕಿರಲಿಲ್ಲ. ಹುಡುಕಿದ್ದನೇ ಎಂದು ಕೇಳಿದರೆ ಹುಡುಕಿದ್ದ. ಖರ್ಚು ಅನ್ನೋಣವೆಂದರೆ ಅವಳ ಸಂಬಳದಲ್ಲೇ ಆಗುತ್ತಿತ್ತು. ಅಡಿಗೆ ಅನ್ನೋಣವೆಂದರೆ ಮಗಳ ಮುಂದೆ ಆ ಮಾತಾಡುವ ಧೈರ್ಯ ಅವನಿಗಿರಲಿಲ್ಲ. ಕೊನೆಗೆ ‘ನಾನು ಕರಕೊಂಡು ಹೋಗತೇನಿ, ನಿನಗ ಸಿಗೂದಿಲ್ಲ ಅದು’ ಎಂದು ಅಂಗಡಿಗೆ ರಜೆ ಹಾಕಿದ್ದ. ಅದನ್ನು ಅವಳು ಪ್ರೀತಿ ಎಂದೇ ತಿಳಿದಿದ್ದಳು. ಪ್ರೀತಿ ಇರಲಿಲ್ಲ ಎಂದೂ ಹೇಳುವಂತಿರಲಿಲ್ಲ.

ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಬರುವಾಗ ಸೌಭಾಗ್ಯ ಮೊಬೈಲಿನ ನಕ್ಷೆ ಹಾಕಿದ್ದಳು. ಅದು ಅವರನ್ನು ವಿದ್ಯಾಪೀಠದ ಹಿಂದಿನ ಗೇಟಿಗೆ ತಂದು ಬಿಟ್ಟಿತ್ತು. ಸಿಮೆಂಟ್ ಗಾಡಿಗಳು ಹೋಗುವ ಗೇಟು, ಅದಕ್ಕೆ ದಪ್ಪ ಬೀಗ. ರಿಕ್ಷಾದವನು ಅಷ್ಟರಲ್ಲಿ ಹೋಗಿಬಿಟ್ಟಿದ್ದ. ಅಲ್ಲಿಂದ ಕಂಪೌಂಡಿನ ಗುಂಟ ಕೆಸರು ತುಳಿಯುತ್ತ ಮುಂದಿನ ಗೇಟಿಗೆ ಬರುವುದರೊಳಗೆ ಬಹಳ ಹೊತ್ತು ಹೋಗಿತ್ತು, ಸೌಭಾಗ್ಯಳ ಹಿಮ್ಮಡಿ ನೋವು ಕೆದರಿಕೊಂಡಿತ್ತು. ‘ಮೊಬೈಲಿಗೇನ ಗೊತ್ತಾಗತೈತಿ, ಒಳಗಿಡು ಅದನ್ನ’ ಎಂದು ಹೇಳುವಾಗ ತನ್ನ ದನಿಯಲ್ಲಿದ್ದ ಖುಷಿ ಅವನಿಗೇ ಕೇಳಿಸಿ ನಾಚಿಕೆಯಾಗಿತ್ತು. ಈಗ ಎರಡೂ ಬದಿಗೆ ಗುಲ್‌ಮೊಹರ್ ಸಾಲಿದ್ದ ರಸ್ತೆಯಲ್ಲಿ ಅವಳು ಅರ್ಧ ಹೆಜ್ಜೆ ಹಿಂದೆ ಬರುತ್ತಿದ್ದಳು. ಮದುವೆಯಾದ ಹೊಸದರಲ್ಲಿ ದಾದರಿನ ಸೇತುವೆಯ ಮೇಲೆ ಅವಳು ಹೀಗೆಯೇ ಬಂದಿದ್ದಳು, ಅವನ ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಜನ ನುಗ್ಗಿ ಬಂದಾಗ ಆ ಪಟ್ಟಿ ಜಗ್ಗುವುದು, ಇದ್ದಾಳೆ ಎಂದು ತಿರುಗಿ ನೋಡದೆಯೇ ಗೊತ್ತಾಗುವುದು. ಆ ಜಗ್ಗುವಿಕೆಯಲ್ಲಿ ಅವನಿಗೊಂದು ಗಂಡಸುತನ ಸಿಕ್ಕಿತ್ತು. ಹೀಗೆ ಹೇಳಿದರೆ ಕೇಳಿದವರು ನಕ್ಕಾರು. ಆದರೆ ಮೆಣಸಿನಕಾಯಿ ಅಂಗಡಿಯಲ್ಲಿ ಶೇಟ್‌ಜಿಯ ಕೈಕೆಳಗೆ ಬೆಳಗಿನಿಂದ ಸಂಜೆಯವರೆಗೆ ಹೂಂ ಅನ್ನುವವನಿಗೆ, ಒಬ್ಬಳು ಹಿಂದೆ ಬರುತ್ತಾಳೆ, ತಾನು ತಿರುಗಿದ ಕಡೆ ತಿರುಗುತ್ತಾಳೆ ಎಂಬುದು ಸಣ್ಣದಾಗಿರಲಿಲ್ಲ. ಆಮೇಲೆ ಅವಳು ನೀರಿನ ಸರದಿಯಲ್ಲಿ, ಮನೆಯಿದ್ದ ಹೌಸಿಂಗ್ ಸೊಸೈಟಿಯ ಮೆಟ್ಟಿಲ ಮೇಲೆ, ಭಾಜಿ ಮಾರ್ಕೆಟ್ಟಿನಲ್ಲಿ ಮರಾಠಿ ಕಲಿತಳು. ಅವನು ಬೈಗುಳ, ದರ, ತೂಕ ಇಷ್ಟರಲ್ಲೇ ಕಲಿತಿದ್ದ ಮರಾಠಿಯನ್ನು ಅವಳು ಹಾಡು, ಹರಟೆ, ಅಡಿಗೆಯಲ್ಲಿ ಕಲಿತಳು. ಒಮ್ಮೆ ಸೊಸೈಟಿಯ ಮೀಟಿಂಗಿನಲ್ಲಿ ಅವನು ಎದ್ದುನಿಂತು ಮಾತಾಡುವಾಗ ಹಿಂದಿನ ಸಾಲಿನಿಂದ ಮೆಲ್ಲಗೆ ಒಂದು ಶಬ್ದ ತಿದ್ದಿದ್ದಳು. ಯಾರೂ ನಕ್ಕಿರಲಿಲ್ಲ. ನಕ್ಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ.

ಲೈಬ್ರರಿ ಸಿಕ್ಕಿತು. ಸಿಗದೇ ಇರುವಂಥದ್ದಾಗಿರಲಿಲ್ಲ ಅದು, ಐದು ಮಾಳಿಗೆಯ ಗಾಜಿನ ಕಟ್ಟಡ. ‘ನೋಡು’ ಎಂದ ರಾಜಶೇಖರ, ತಾನೇ ಕಟ್ಟಿಸಿದವನಂತೆ. ಒಳಗೆ ತಣ್ಣಗಿತ್ತು. ಮೆಟ್ರೋ ಸ್ಟೇಷನ್ನಿನಲ್ಲಿ ಇರುವಂಥ ಅಡ್ಡಗಂಬಿಗಳು, ಹುಡುಗರು ಕೊರಳಲ್ಲಿನ ಕಾರ್ಡು ಮುಟ್ಟಿಸಿ ನೀರಿನಂತೆ ಒಳಗೆ ಹರಿಯುತ್ತಿದ್ದರು. ಅವನೂ ಅದೇ ವೇಗದಲ್ಲಿ ನಡೆದ. ಕಂಬಿ ಹೊಟ್ಟೆಗೆ ತಾಗಿ ನಿಂತಿತು. ಇನ್ನಷ್ಟು ನೂಕಿದ. ಎಲ್ಲಿಂದಲೋ ಕೀಂ ಎಂದು ಸದ್ದು ಹೊರಟು ಓದುತ್ತಿದ್ದವರೆಲ್ಲ ತಲೆಯೆತ್ತಿದರು. ಮೇಜಿನ ಹಿಂದಿದ್ದ ಹೆಂಗಸು ಎದ್ದು ಬಂದು, ಅವನನ್ನು ಬಿಟ್ಟು ಸೌಭಾಗ್ಯಳ ಕೈಯಲ್ಲಿದ್ದ ಫೈಲು ನೋಡಿ ಅವಳನ್ನೇ ಮಾತಾಡಿಸಿದಳು. ಇದು ಲೈಬ್ರರಿ, ನಿಮಗೆ ಬೇಕಾದದ್ದು ವಿಭಾಗ, ಅದು ಗುಡ್ಡದ ಮೇಲಿನ ಹಳೆಯ ಕಟ್ಟಡದಲ್ಲಿ. ಸೌಭಾಗ್ಯ ‘ಥ್ಯಾಂಕ್ಯೂ ಮ್ಯಾಡಂ’ ಎಂದಳು. ಕಂಬಿಗೂ ಹೊಟ್ಟೆಗೂ ನಡುವೆ ಸಿಕ್ಕಿಕೊಂಡಿದ್ದ ಅಂಗಿಯ ಗುಂಡಿಯನ್ನು ರಾಜಶೇಖರ ಬಿಡಿಸಿಕೊಳ್ಳುತ್ತಿದ್ದ. ಹೊರಗೆ ಬಂದ ಮೇಲೆ ಅವಳು ಮೊದಲೇ ಹೇಳಿದ್ದೆನಲ್ಲ ಎಂದು ಆಡಲಿಲ್ಲ. ಆಡಿದ್ದರೆ ಜಗಳ ತೆಗೆಯಬಹುದಿತ್ತು.

ನೀರಿಗೆಂದು ಕ್ಯಾಂಟೀನಿಗೆ ಹೋದರು. ಗಲ್ಲಾದ ಮೇಲೆ ಕೂತಿದ್ದವನು ಇವರಿಬ್ಬರ ಮಾತು ಕೇಳಿ ಕನ್ನಡಕ್ಕೆ ಇಳಿದ. ಹೆಸರು ಚೆನ್ನಯ, ಊರು ಕಾರ್ಕಳದ ಕಡೆ, ಇರುವುದು ಡೊಂಬಿವಲಿಯಲ್ಲಿ. ಬಾಟಲಿ ಮುಂದೆ ಮಾಡುತ್ತ, ‘ಹಳೆ ಕಟ್ಟಡವಾ? ಎರಡು ದಾರಿ ಉಂಟು ಮಾರಾಯ್ರೆ. ಕೆಳಗಿನ ದಾರಿಯಲ್ಲಿ ಹೋದರೆ ಸೀದಾ. ಮೇಲಿನದು ಸುತ್ತು, ಮತ್ತೆ ಚಡಾವು. ಅಮ್ಮನಿಗೆ ಕಾಲು ನೋವುಂಟಲ್ಲ, ನೀವು ಕೆಳಗಿನಿಂದಲೇ ಹೋಗಿ’ ಎಂದ. ಅವಳ ಕುಂಟನ್ನು ಅವನು ಇಷ್ಟು ಬೇಗ ನೋಡಿದ್ದು ರಾಜಶೇಖರನಿಗೆ ಸೇರಲಿಲ್ಲ. ‘ಗೊತ್ತೈತ್ರಿ’ ಎಂದ. ಗೊತ್ತಿರಲಿಲ್ಲ. ಕ್ಯಾಂಟೀನಿನ ಆಚೆ ಒಂದು ನಕ್ಷೆಯ ಫಲಕವಿತ್ತು. ‘ನೀವು ಇಲ್ಲಿದ್ದೀರಿ’ ಎಂದು ಕೆಂಪು ಚುಕ್ಕೆ ಇರಬೇಕಾದಲ್ಲಿ ಸಾವಿರಾರು ಜನರ ಬೆರಳು ತಾಗಿ ತಾಗಿ ಬಣ್ಣವೇ ಹೋಗಿ ಬರಿಯ ತಗಡು ಹೊಳೆಯುತ್ತಿತ್ತು. ಉಳಿದ ಕಟ್ಟಡಗಳೆಲ್ಲ ಹೆಸರು ಸಮೇತ ಸರಿಯಾಗಿದ್ದವು, ನಿಂತವರು ಎಲ್ಲಿದ್ದಾರೆಂಬುದು ಮಾತ್ರ ಅಳಿಸಿಹೋಗಿತ್ತು. ಅವನು ಸುಮ್ಮನೆ ಒಂದು ಬೆರಳಿಟ್ಟು, ‘ಇಲ್ಲಿ ಅದೇವಿ. ಹಿಂಗ ಹೋಗಿ ಹಿಂಗ ಹತ್ತೂದು’ ಎಂದ. ಹೇಳುವಾಗ ದನಿ ಗಟ್ಟಿಯಾಗಿಯೇ ಇತ್ತು. ದಾರಿ ಹೇಳುವಾಗ ಅನುಮಾನ ತೋರಿಸಬಾರದೆಂಬುದು ಅವನ ಎಷ್ಟೋ ವರ್ಷಗಳ ರೂಢಿ.

ಏರು ಹತ್ತುವಾಗ ಕಾಂಚನಾ ಫೋನು ಮಾಡಿದಳು. ಇಲ್ಲಿಯೇ ಹುಟ್ಟಿದ ಹುಡುಗಿ, ಕನ್ನಡ ಕೇಳಿ ಹಿಂದಿಯಲ್ಲಿ ಉತ್ತರಿಸುವವಳು. ‘ಪಪ್ಪಾ, ಮಮ್ಮಿ ಪಹುಂಚ್ ಗಯೀ ನಾ?’ ಎಂದು ಕೇಳಿದಳು. ಮುಟ್ಟಿದಳೇ ಎಂದು ಕೇಳಿದ್ದು ತಾಯಿಯ ಬಗ್ಗೆ, ನೀವು ಮುಟ್ಟಿದಿರೇ ಎಂದಲ್ಲ. ‘ಹೂಂ, ಬಂದೇವಿ’ ಎಂದ ರಾಜಶೇಖರ. ಬಂದೇವಿ ಎನ್ನುವಾಗ ಎದುರಿಗೆ ಹಾವಸೆಗಟ್ಟಿದ ಗೋಡೆ, ಮಳೆನೀರು ಹರಿಯುವ ಗಟಾರು, ಒಂದು ನಾಯಿ ಇವಿಷ್ಟೇ ಇದ್ದವು. ಸೌಭಾಗ್ಯ ಹಿಂದಿನಿಂದ ಕೇಳಿಸಿಕೊಂಡಳು. ಅವಳ ಉಸಿರು ಸಣ್ಣಗೆ ಸೀಟಿ ಹೊಡೆಯುತ್ತಿತ್ತು. ‘ತಡಾ ಆತಲ್ರಿ’ ಎಂದಳು ಒಮ್ಮೆ. ‘ಸರಕಾರಿ ಮಂದಿ, ಹತ್ತೂವರಿ ಅಂದ್ರ ಹನ್ನೆರಡು’ ಎಂದ. ಅವಳಿಗೆ ತಡವಾಗುತ್ತಿರುವುದು ಅವನಿಗೆ ಗೊತ್ತಿತ್ತು. ಇನ್ನೂ ಸ್ವಲ್ಪ ತಡವಾದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಆ ಯೋಚನೆಯ ಅಂಚಿಗೆ ಹೋಗಿ ಒಳಗೆ ಇಣುಕದೆ ತಿರುಗಿ ಬಂದ, ನಿಂತ ಲೋಕಲ್ಲಿನಿಂದ ಪಕ್ಕದ ಮನೆಗಳ ಕಿಟಕಿಯನ್ನು ನೋಡಿ ಮುಖ ತಿರುಗಿಸುವ ಹಾಗೆ.

ಹಳೆಯ ಕಟ್ಟಡ ಮೇಲಿನ ರಸ್ತೆಯಿಂದ ನೋಡಿದರೆ ಒಂದೇ ಮಾಳಿಗೆಯದು. ಹೆಂಚಿನ ಮಾಡು, ಕಲ್ಲಿನ ಜಗಲಿ, ಬಾಗಿಲಲ್ಲಿ ಒದ್ದೆ ಛತ್ರಿಗಳ ರಾಶಿ. ಸೌಭಾಗ್ಯ ಜಗಲಿಯ ಮೇಲೆ ಕೂತುಬಿಟ್ಟಳು. ‘ನೀವು ಕೇಳಿ ಬರ್ರಿ, ನಾನು ಒಂದ್ ಕ್ಷಣ ಕುಂದ್ರತೇನಿ’ ಎಂದು ಚಪ್ಪಲಿ ಕಳಚಿ ಹಿಮ್ಮಡಿ ತಿಕ್ಕಿಕೊಂಡಳು. ಅವನು ಒಳಗೆ ಹೋದ. ಉದ್ದ ಮೊಗಸಾಲೆ, ಎರಡೂ ಕಡೆ ಕೋಣೆಗಳು, ಎಲ್ಲದಕ್ಕೂ ಬೀಗ. ತುದಿಯಲ್ಲೊಂದು ದೊಡ್ಡ ಕೋಣೆಯ ಬಾಗಿಲು ತೆರೆದಿತ್ತು. ಸಾಲುಸಾಲು ಕುರ್ಚಿಗಳು, ಯಾರೂ ಇಲ್ಲ, ಮೇಲೆ ಒಂದು ಫ್ಯಾನು ತನ್ನಷ್ಟಕ್ಕೆ ತಿರುಗುತ್ತಿತ್ತು. ಆ ಕೋಣೆಯ ಮುಂದೆ ಗೋಡೆಗೆ ಒರಗಿ ಒಬ್ಬ ಹುಡುಗಿ ಕಿವಿಗೆ ವೈರು ಸಿಕ್ಕಿಸಿಕೊಂಡು ನಿಂತಿದ್ದಳು. ಅವನು ತನ್ನ ಮಾರ್ಕೆಟ್ಟಿನ ಮರಾಠಿಯನ್ನು ಒಗೆದು ಇಸ್ತ್ರಿ ಮಾಡಿ, ಗ್ರಂಥಾಲಯ ಶಾಸ್ತ್ರದ ಇಂಟರ್‌ವ್ಯೂ ಎಲ್ಲಿ ಎಂದು ಕೇಳಿದ. ಹುಡುಗಿ ಒಂದು ಕಿವಿಯ ವೈರು ತೆಗೆದಳು. ‘ಇಂಟರ್‌ವ್ಯೂ ನಾ? ಹಾಲ್ ಖಾಲೀ ಆಹೇ, ಕಾಕಾ’ ಎಂದಳು. ಮತ್ತೆ ವೈರು ಸಿಕ್ಕಿಸಿಕೊಂಡಳು. ರಾಜಶೇಖರ ತೆರೆದ ಕೋಣೆಯ ಕಡೆ ನೋಡಿದ. ಖಾಲಿ. ಕುರ್ಚಿಗಳು ಖಾಲಿ, ಮೇಜು ಖಾಲಿ. ಎದೆಯೊಳಗೆ ಏನೋ ಒಂದು ಹಗುರಾಯಿತು, ಗಾಡಿಯಲ್ಲಿ ನಿಂತು ನಿಂತು ಕಾಲು ಸೋತಾಗ ಎದುರಿನವನು ಎದ್ದು ಸೀಟು ಬಿಟ್ಟುಕೊಟ್ಟ ಹಾಗೆ. ಬೇರೆ ಯಾರನ್ನೂ ಕೇಳದೆ ತಿರುಗಿ ಬಂದ.

‘ಖಾಲಿ ಐತಂತ’ ಎಂದ ಸೌಭಾಗ್ಯಳಿಗೆ. ಆಮೇಲೆ, ‘ಮುಗದೈತಿ’ ಎಂದ.

ಅವಳು ಹಿಮ್ಮಡಿ ತಿಕ್ಕುವುದನ್ನು ನಿಲ್ಲಿಸಿದಳು. ಯಾರು ಹೇಳಿದರು ಎಂದು ಕೇಳಲಿಲ್ಲ, ನಾನೊಮ್ಮೆ ನೋಡಿ ಬರುತ್ತೇನೆ ಎಂದು ಏಳಲಿಲ್ಲ. ದಾರಿಯ ವಿಷಯದಲ್ಲಿ ಅವನ ಮಾತೇ ಕೊನೆಯದೆಂಬುದು ಅವಳ ಮೈಯಲ್ಲಿ ಸೇರಿಹೋಗಿತ್ತು. ಮುಖ ಸಣ್ಣದಾಯಿತು, ಅಷ್ಟೇ. ಫೈಲನ್ನು ಮಡಿಲಲ್ಲಿಟ್ಟು ಅದರ ಗುಂಡಿಯನ್ನು ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಅತ್ತಾಳೆಂದು ಅವನು ಹೆದರಿದ. ಅವಳು ಅಳಲಿಲ್ಲ. ‘ಆಗಲಿ ಬಿಡ್ರಿ. ನನ್ನ ಸಲುವಾಗಿ ನಿಮ್ಮ ರಜಾ ಹಾಳಾತು’ ಎಂದಳು. ಬ್ಯಾಗಿನಿಂದ ಡಬ್ಬಿ ತೆಗೆದಳು. ಚಪಾತಿಯ ನಡುವೆ ಶೇಂಗಾಚಟ್ನಿ ಸುತ್ತಿ ಅವನಿಗೊಂದು ಕೊಟ್ಟಳು. ತಾನು ತಿನ್ನಲಿಲ್ಲ. ‘ಸಂಜೀಕ ಏನ್ ಮಾಡ್ಲಿ? ಮಡಕಿ ಕಾಳು ನೆನಿಹಾಕೇನಿ’ ಎಂದಳು. ಶಾಲೆಯಲ್ಲಿ ಬೇರೆಯವರು ಬರುವತನಕ ಹೋಗುತ್ತೇನೆ, ಆಮೇಲೆ ಮನೆಯಲ್ಲೇ ಏನಾದರೂ ಮಾಡುತ್ತೇನೆ ಎಂದಳು. ಅವನು ಚಪಾತಿ ಬಾಯಿಗಿಟ್ಟುಕೊಂಡ. ಇದೇ ತಾನೇ ತನಗೆ ಬೇಕಾಗಿದ್ದದ್ದು? ಮಡಕೆ ಕಾಳು, ಸಂಜೆ, ಅವಳು ಮನೆಯಲ್ಲಿ, ತಾನು ಬಂದು ಚಪ್ಪಲಿ ಬಿಡುವ ಸದ್ದಿಗೆ ಒಳಗಿನಿಂದ ಅವಳ ದನಿ. ಇಷ್ಟು ಬೇಗ, ಇಷ್ಟು ತಂಟೆಯಿಲ್ಲದೆ ಅವಳು ಅಲ್ಲಿಗೆ ಮರಳಿದ್ದು ನೋಡಿ ಅವನಿಗೆ ಭಯವಾಯಿತು. ಎಷ್ಟು ಸಲ ಹೀಗೆ ಮರಳಿದ್ದಾಳೋ, ತಾನು ನೋಡದೇ ಇದ್ದದ್ದು ಎಷ್ಟೋ. ಚಟ್ನಿಯ ಖಾರ ಗಂಟಲಿಗೆ ಹತ್ತಿತು. ಬ್ಯಾಡಗಿಯ ಮೆಣಸಿನಕಾಯಿ, ಬಣ್ಣ ಹೆಚ್ಚು, ಖಾರ ಕಡಿಮೆ, ಅವನೇ ಆರಿಸಿ ತಂದದ್ದು.

ಮೆಣಸಿನಕಾಯಿಯಿಂದಲೇ ನೆನಪಾಯಿತು. ಮಾರ್ಕೆಟ್ಟಿಗೆ ಬಂದ ಮೊದಲ ವಾರ, ಮರಾಠಿಯ ಒಂದಕ್ಷರ ಬಾರದ ಕಾಲ. ಹಮಾಲ ಮುರಾರಿ ಒಂದರ ಮೇಲೊಂದು ಒಟ್ಟಿದ ಥಪ್ಪಿಯ ಮೇಲಿದ್ದ ಚೀಲ ತೋರಿಸಿ ‘ಪೋತಂ ಖಾಲೀ ಘೇ’ ಎಂದಿದ್ದ. ಚೀಲ ಕೆಳಗೆ ತಗೋ ಎಂದು ಅವನು ಹೇಳಿದ್ದು. ಖಾಲೀ ಅಂದರೆ ಮರಾಠಿಯಲ್ಲಿ ಕೆಳಗೆ. ಊರಿನಿಂದ ಬಂದ ರಾಜಶೇಖರನಿಗೆ ಖಾಲಿ ಅಂದರೆ ಖಾಲಿಯೇ. ಸುತಳಿ ಬಿಚ್ಚಿ, ಇಡೀ ಚೀಲ ಮೆಣಸಿನಕಾಯಿಯನ್ನು ಒದ್ದೆ ನೆಲದ ಮೇಲೆ ಸುರಿದು, ಖಾಲಿ ಮಾಡಿದೆ ಎಂದು ಬೀಗುತ್ತ ನಿಂತಿದ್ದ. ಇಡೀ ಸಾಲಿನ ಅಂಗಡಿಯವರು ಬಂದು ನೋಡಿ ನಕ್ಕಿದ್ದರು. ಒಂದೆರಡು ವರ್ಷ ಅವನನ್ನು ‘ಖಾಲೀ ಶೇಟ್’ ಎಂದೇ ಕರೆಯುತ್ತಿದ್ದರು. ಈ ಕಥೆಯನ್ನು ಅವನು ಮದುವೆಯಾದ ಹೊಸದರಲ್ಲಿ ಸೌಭಾಗ್ಯಳಿಗೆ ಹೇಳಿದ್ದ, ಆಮೇಲೆ ಬಂದ ಬಂದ ನೆಂಟರಿಗೆಲ್ಲ ಅವಳ ಎದುರಿಗೇ ಹೇಳಿದ್ದ. ಅವತ್ತಿನಿಂದ ಇವತ್ತಿನವರೆಗೆ ದಿನಕ್ಕೆ ನೂರು ಸಲ ಆ ಶಬ್ದ ಅವನ ಕಿವಿಗೆ ಬೀಳುತ್ತದೆ. ಖಾಲೀ ಠೇವ್, ಕೆಳಗಿಡು. ಖಾಲೀ ಬಸ್, ಕೆಳಗೆ ಕೂಡು. ಖಾಲೀ ಉತರ್, ಕೆಳಗಿಳಿ. ಮುಂಬೈಯ ಯಾವ ಕನ್ನಡಿಗನಾದರೂ ಆ ಶಬ್ದಕ್ಕೆ ಎಡವಬಹುದು, ಅವನು ಎಡವುವಂತಿರಲಿಲ್ಲ.

ಹಾಲ್ ಕೆಳಗಿದೆ ಎಂದಿದ್ದಳು ಹುಡುಗಿ. ಅವನು ಬಗ್ಗಿ ನೋಡಿದ. ಜಗಲಿಯ ತುದಿಯಿಂದ ಗುಡ್ಡ ಇಳಿಯುತ್ತಿತ್ತು, ಕಟ್ಟಡವೂ ಅದರೊಂದಿಗೆ ಇಳಿದಿತ್ತು. ರಸ್ತೆಯಿಂದ ಒಂದೇ ಮಾಳಿಗೆಯಾಗಿ ಕಂಡದ್ದರ ಕೆಳಗೆ ಇನ್ನೂ ಎರಡು ಮಾಳಿಗೆಗಳಿದ್ದವು. ಬಲಕ್ಕೆ ಮೆಟ್ಟಿಲು. ಕೆಳಗಿನಿಂದ ಸಣ್ಣಗೆ ಜನರ ಮಾತು ಕೇಳುತ್ತಿತ್ತು, ಈಗಷ್ಟೇ ಶುರುವಾದದ್ದೇನಲ್ಲ. ಹಾಗಾದರೆ ಅವಾಗ ತನ್ನ ಕಿವಿ ಏನು ಕೇಳಿತು? ಕಿವಿ ನಿಜವಾಗಿಯೂ ಕನ್ನಡದಲ್ಲಿ ಕೇಳಿರಬಹುದು. ದಣಿದಿದ್ದ, ಎದುರಿಗೆ ಖಾಲಿ ಕುರ್ಚಿಗಳಿದ್ದವು, ಹುಟ್ಟುಭಾಷೆ ಎಷ್ಟೆಂದರೂ ಹುಟ್ಟುಭಾಷೆ. ಖಾಲಿ ಎಂದದ್ದು ಕಿವಿಯ ತಪ್ಪು ಎಂದೇ ಇಟ್ಟುಕೊಳ್ಳೋಣ. ‘ಮುಗದೈತಿ’ ಎಂದದ್ದು? ಅದನ್ನು ಯಾವ ಭಾಷೆಯಲ್ಲಿ ಯಾರು ಹೇಳಿದ್ದರು? ಆ ಶಬ್ದ ತನ್ನ ಬಾಯಿಯಿಂದ ಎಷ್ಟು ಸಲೀಸಾಗಿ ಬಂದಿತ್ತು. ಚಪಾತಿ ಕೈಯಲ್ಲಿ ಹಾಗೆಯೇ ಉಳಿಯಿತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಎಲ್ಲ ತಾನಾಗಿಯೇ ಮುಗಿಯುತ್ತದೆ, ಆಗ ‘ಮುಗದೈತಿ’ ಎಂದದ್ದು ಸುಳ್ಳೂ ಆಗುವುದಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಸೌಭಾಗ್ಯ ಕಾಲನ್ನು ಮತ್ತೆ ಚಪ್ಪಲಿಗೆ ತುರುಕುತ್ತ, ‘ನೀವು ತಿನ್ರಿ, ನಿಮಗ ಹಸದಿರತೈತಿ’ ಎಂದಳು.

‘ಸೌಭಾಗ್ಯ’ ಎಂದ. ‘ಹಾಲ್ ಕೆಳಗೈತಿ ಕಾಣತೈತಿ.’

ಅವಳು ನೋಡಿದಳು.

‘ಆ ಹುಡುಗಿ ಹಾಲ್ ಖಾಲೀ ಆಹೇ ಅಂದ್ಲು. ನಾ ಖಾಲಿ ಅಂತ ತಿಳಕೊಂಡೆ.’

ಅವಳ ಕಣ್ಣು ಅವನ ಮುಖದ ಮೇಲೆ ನಿಂತಿತು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಗೊತ್ತಾಗುತ್ತಿತ್ತು, ಇಪ್ಪತ್ತು ವರ್ಷಕ್ಕೂ ಮೇಲೆ ಅದರ ಪರಿಚಯವಿತ್ತು. ಅಂಗಡಿಗೆ ಬಂದ ಮಾಲನ್ನು ಅವನು ಮೂಗಿಗೆ ಹಿಡಿದು ನೋಡುತ್ತಾನಲ್ಲ, ಒಳಗೆ ಬೂಸು ಹಿಡಿದಿದೆಯೋ ಇಲ್ಲವೋ ಎಂದು, ಹಾಗೆ ನೋಡಿದಳು. ಆಮೇಲೆ ಎದ್ದಳು. ಫೈಲು ಎದೆಗೊತ್ತಿಕೊಂಡು ಮೆಟ್ಟಿಲ ಕಡೆ ನಡೆದಳು, ನಡೆಯುತ್ತ ನಡೆಯುತ್ತ ಓಡಿದಳು. ಕುಂಟುತ್ತ ಓಡುವ ಹೆಂಡತಿಯ ಹಿಂದೆ ರಾಜಶೇಖರ ಮುಚ್ಚಳವಿಲ್ಲದ ಡಬ್ಬಿ ಹಿಡಿದುಕೊಂಡು ಇಳಿದ. ಕೆಳಗೆ ಬಾಗಿಲಲ್ಲಿ ಒಬ್ಬ ಸಿಪಾಯಿ ಕಾಗದ ಮಡಚುತ್ತಿದ್ದ. ಸೌಭಾಗ್ಯ ಮರಾಠಿಯಲ್ಲಿ ಅವನೊಂದಿಗೆ ಮಾತಾಡಿದಳು, ಬೇಡಿಕೊಳ್ಳಲಿಲ್ಲ, ತನ್ನ ಹೆಸರು ಹೇಳಿ ತಡವಾಗಿದೆ ಎಂದಳು. ಹೆಸರು ಆಗಲೇ ಕೂಗಿ ಆಗಿದೆ ಎಂದ ಅವನು. ಕೂಗಿದ್ದು ಕೇಳಿಸಲಿಲ್ಲ, ಮೇಲಿದ್ದೆ ಎಂದಳು. ಸಿಪಾಯಿ ಒಳಗೆ ಹೋಗಿ ಕೇಳಿ ಬಂದು ಬಾಗಿಲು ತೆರೆದ. ರಾಜಶೇಖರನೂ ಒಂದು ಹೆಜ್ಜೆ ಇಟ್ಟಾಗ ‘ತುಮ್ಹೀ ನಾಹೀ, ಕಾಕಾ’ ಎಂದು ಕೈ ಅಡ್ಡ ಹಿಡಿದ.

ಹೊರಗೆ ಒಂದು ಬೆಂಚಿತ್ತು. ಅದರ ಮೇಲೆ ಕೂತ. ಒಳಗೆ ಏನು ಮಾತಾಗುತ್ತಿದೆ ಕೇಳಿಸುತ್ತಿರಲಿಲ್ಲ. ಅವಳಿಗೆ ಸೀಟು ಸಿಗಲಿ ಎಂದು ಅವನು ಬೇಡಿಕೊಂಡ. ಮನಸಾರೆ ಬೇಡಿಕೊಂಡ, ಅದರಲ್ಲಿ ಕಪಟವಿರಲಿಲ್ಲ. ಆದರೆ ಅದು ಅವಳಿಗೆ ಸಿಗಲೆಂದೋ, ತಾನು ಮಾಡಿದ ತಪ್ಪಿನಿಂದ ಪಾರಾಗಲೆಂದೋ ಎಂದು ತನ್ನೊಳಗಿನವನು ಕೇಳಿದ. ಒಮ್ಮೆ ಒಳಗೆ ಎಲ್ಲರೂ ಗೊಳ್ಳೆಂದು ನಕ್ಕರು. ಅವನಿಗೆ ಕಿವಿ ಬಿಸಿಯಾಯಿತು. ಅವಳನ್ನು ನೋಡಿ ನಗುತ್ತಿದ್ದಾರೆ, ಈ ವಯಸ್ಸಿನಲ್ಲಿ ಬ್ಯಾಗು ಹಾಕಿಕೊಂಡು ಬಂದವಳೆಂದು ನಗುತ್ತಿದ್ದಾರೆ ಎಂದುಕೊಂಡ. ಎದ್ದು ಬಾಗಿಲ ತನಕ ಹೋದ. ಹೋಗಿ ಏನು ಮಾಡುವುದು? ಮತ್ತೆ ಬಂದು ಕೂತ. ಡಬ್ಬಿಯಲ್ಲಿದ್ದ ಚಪಾತಿಗೆ ಇರುವೆ ಹತ್ತಿದ್ದವು. ಒಂದೊಂದಾಗಿ ತೆಗೆದ. ಹೊರಗೆ ಕೆಳಗಿನ ದಾರಿ ಕಾಣುತ್ತಿತ್ತು, ಚಪ್ಪಡಿ ಹಾಸಿದ ಸಮತಟ್ಟಾದ ದಾರಿ. ಕ್ಯಾಂಟೀನಿನಿಂದ ಸೀದಾ ಇಲ್ಲಿಗೇ ಬರುತ್ತಿತ್ತು. ಹುಡುಗಿಯೊಬ್ಬಳು ಅದರ ಮೇಲೆ ಚಹದ ಲೋಟ ತುಳುಕದ ಹಾಗೆ ಹಿಡಿದುಕೊಂಡು ಬರುತ್ತಿದ್ದಳು.

ಸೌಭಾಗ್ಯ ಹೊರಗೆ ಬಂದಾಗ ಅವಳ ಕೈಯಲ್ಲಿ ಫೈಲಿನ ಜೊತೆ ಒಂದು ಹಳದಿ ಚೀಟಿ ಇತ್ತು.

‘ಏನಾತು?’

‘ಸೋಮವಾರದಿಂದ ಬಾ ಅಂದಾರ.’

ಅವನಿಗೆ ಸಂತೋಷವಾಯಿತು, ಕಣ್ಣು ತುಂಬಿಬರುವಷ್ಟು. ಆ ಸಂತೋಷ ಸುಳ್ಳಲ್ಲ ಎಂದು ಅವಳಿಗೆ ತೋರಿಸಬೇಕೆನಿಸಿತು, ಹೇಗೆಂದು ತಿಳಿಯಲಿಲ್ಲ. ‘ಕಾಂಚನಾಗ ಫೋನ್ ಮಾಡು’ ಎಂದ. ‘ಆಮ್ಯಾಲ ಮಾಡತೇನಿ’ ಎಂದಳು. ಇಬ್ಬರೂ ಕೆಳಗಿನ ದಾರಿ ಹಿಡಿದರು. ಅವಳು ನಿಧಾನಕ್ಕೆ ನಡೆಯುತ್ತಿದ್ದಳು, ಅವನು ಅವಳಿಗಿಂತ ನಿಧಾನಕ್ಕೆ. ‘ದಿನಾ ಮುಂಜಾನೆ ಗೇಟಿನ ಮಟಾ ನಾ ಬಿಟ್ಟು ಹೋಗತೇನಿ. ಅಂಗಡಿಗೆ ಸ್ವಲ್ಪ ತಡಾ ಆದ್ರೂ ನಡಿತೈತಿ’ ಎಂದ. ‘ಬ್ಯಾಡ್ರಿ’ ಎಂದಳು. ಮೆತ್ತಗೇ ಹೇಳಿದಳು. ಸ್ವಲ್ಪ ದೂರ ಹೋದ ಮೇಲೆ ಹಿಮ್ಮಡಿ ನೋವಿಗೆ ನಿಂತು, ಮರಕ್ಕೆ ಕೈ ಕೊಟ್ಟಳು.

‘ತಡಾ ಯಾಕಾತು ಅಂತ ಕೇಳಿದ್ರು’ ಎಂದಳು.

‘ನೀ ಏನಂದಿ?’

‘ನಾನು ಕನ್ನಡದಾಕಿ, ಖಾಲೀ ಅಂದದ್ದನ್ನ ಖಾಲಿ ಅಂತ ತಿಳಕೊಂಡು ಮ್ಯಾಲೆ ಕುಂತಿದ್ದೆ ಅಂದೆ. ಎಲ್ಲಾರೂ ನಕ್ಕರು. ನಡುವ ಕುಂತಿದ್ದ ಮ್ಯಾಡಂ ಅಂತೂ ಕನ್ನಡಕ ತಗದು ಕಣ್ಣು ಒರಸಿಕೊಂಡ್ರು.’

ಹಾಗಾದರೆ ನಗು ಅದಕ್ಕೆ. ರಾಜಶೇಖರನಿಗೂ ಸಣ್ಣಗೆ ನಗು ಬಂತು, ಉಸಿರು ಬಿಟ್ಟ ಹಾಗೆ. ಎಲ್ಲ ಸರಿಹೋಯಿತೆನ್ನಿಸಿತು, ಎಷ್ಟು ಸುಲಭವಾಗಿ ಸರಿಹೋಯಿತೆನ್ನಿಸಿತು.

‘ಹಂಗ ಕೇಳಿಸಿಕೊಂಡಾಂವ ನಾನು’ ಎಂದ. ‘ನೀ ಯಾಕ ನಿನ್ನ ಮ್ಯಾಲ ಹಾಕ್ಕೊಂಡಿ?’

ಸೌಭಾಗ್ಯ ಮರದಿಂದ ಕೈ ತೆಗೆದಳು.

‘ಖಾಲೀ ಶೇಟ್ ಎಡವಿದಾ ಅಂದ್ರ ಯಾರು ನಂಬತಾರ? ನಾ ಅಂದ್ರ ನಂಬತಾರ ಅಂತ’ ಎಂದಳು.